ಎದಿ ನಿಂತಿದ್ದು ಯಾಕ, ಒಂದೇ ಸಾಲಿನಾಗ ಹೇಳಂದ್ರ

ಸುದ್ದಿ ಕಳಿಸಿದ ಕೂಡಲೇ ಡೆಸ್ಕಿನಿಂದ ಫೋನ್ ಬರುತ್ತದೆ. 'ಕಾರಣ ಏನ್ರೀ?' ಲಾರಿ ಬಡಿದಿದ್ದರೆ ಲಾರಿ, ಹಾವು ಕಡಿದಿದ್ದರೆ ಹಾವು, ಸಿಡಿಲು ಬಡಿದಿದ್ದರೆ ಸಿಡಿಲು. ಒಂದು ಸಾಲು ಬರೆದರೆ ಮುಗಿಯಿತು. ಆದರೆ ಮೂವತ್ತೆಂಟು ವರ್ಷದ ಗಟ್ಟಿ ಆಳು ಹೊಲದಿಂದ ಬಂದು, ಕಟ್ಟೆ ಮೇಲೆ ಕುಂತು, ಒಂದು ತಂಬಿಗೆ ನೀರು ಕುಡಿದು ಹಾಗೇ ಒರಗಿಬಿಟ್ಟರೆ? 'ಹೃದಯಾಘಾತದಿಂದ ನಿಧನ' ಅಂತ ನಾನು ಬರೆಯುತ್ತೇನೆ. ಪೇಪರಿಗೆ ಅಷ್ಟು ಸಾಕು. ಬೇವೂರಿನ ಕಟ್ಟೆಗೆ ಸಾಕಾಗುವುದಿಲ್ಲ.

"ಬೀಡಿ ಸೇದಾಂವಲ್ಲ, ದಾರೂ ಮುಟ್ಟಾಂವಲ್ಲ. ಅಂಥಾಂವಗ ಯಾಕ ಹಿಂಗಾತೋ ತಮ್ಮಾ?" ಅಂತ ಹಿರಿಯರೊಬ್ಬರು ಕೇಳುತ್ತಾರೆ. ಉತ್ತರ ನನ್ನಿಂದ ಬರುವ ಮೊದಲೇ ಸುತ್ತಲಿನವರಿಂದ ಬಂದಿರುತ್ತದೆ. ಒಬ್ಬ ಲಸಿಕೆ ಅನ್ನುತ್ತಾನೆ. ಒಬ್ಬ ಕಲಬೆರಕೆ ಎಣ್ಣೆ ಅನ್ನುತ್ತಾನೆ. ಇನ್ನೊಬ್ಬ ಸಾಲದ ಟೆನ್ಶನ್ ಅನ್ನುತ್ತಾನೆ. ಎಲ್ಲರಿಗೂ ಬೇಕಾದದ್ದು ಒಂದೇ ಕಾರಣ. ಅದು ಸಿಕ್ಕರೆ ಅದರಿಂದ ದೂರ ಇದ್ದುಬಿಡಬಹುದು, ತಾವು ಉಳಿಯಬಹುದು ಅನ್ನೋ ಆಸೆ. ತಪ್ಪೇನಿಲ್ಲ. ನನಗೂ ಆ ಆಸೆ ಇದೆ. ನಾನೂ ಮೂವತ್ತು ದಾಟಿ ನಲವತ್ತರ ಕಡೆ ಹೊಂಟವನು.

2021ರ ಅಕ್ಟೋಬರ್ 29ರಂದು ಪುನೀತ್ ರಾಜ್‌ಕುಮಾರ್ ಹೋದಾಗ ಅವರಿಗೆ 46 ವರ್ಷ. ಆ ವಾರ ಇಡೀ ರಾಜ್ಯಕ್ಕೆ ಸಿಕ್ಕ ಕಾರಣ ಜಿಮ್. ಬೆಂಗಳೂರಿನ ಜಯದೇವ ಆಸ್ಪತ್ರೆಯ ಮುಂದೆ ಎದೆ ತಪಾಸಣೆಗೆ ಜನ ಸಾಲು ಹಚ್ಚಿದರು. 2025ರ ಮೇ, ಜೂನ್ ತಿಂಗಳಲ್ಲಿ ಹಾಸನ ಜಿಲ್ಲೆಯಿಂದ ಒಂದರ ಹಿಂದೊಂದು ಸಾವಿನ ಸುದ್ದಿ ಬಂತು. ಸುಮಾರು 40 ದಿನದಲ್ಲಿ 20ಕ್ಕೂ ಹೆಚ್ಚು ಜನ ಹೃದಯಾಘಾತದಿಂದ ಸತ್ತರು ಅಂತ ಟಿವಿಗಳು ಎಣಿಸಿದವು. ಈ ಸಲ ಸಿಕ್ಕ ಕಾರಣ ಕೋವಿಡ್ ಲಸಿಕೆ. ಸರ್ಕಾರ ಜಯದೇವ ಸಂಸ್ಥೆಯ ನಿರ್ದೇಶಕ ಡಾ. ಕೆ.ಎಸ್. ರವೀಂದ್ರನಾಥ್ ಅವರ ನೇತೃತ್ವದಲ್ಲಿ ತಜ್ಞರ ಸಮಿತಿಯಿಂದ ಪರಿಶೀಲನೆ ಮಾಡಿಸಿತು. ಜುಲೈನಲ್ಲಿ ವರದಿ ಬಂತು. ಪರಿಶೀಲಿಸಿದ 24 ಸಾವುಗಳಲ್ಲಿ ನಾಲ್ಕಕ್ಕೆ ಹೃದಯ ಕಾರಣವೇ ಆಗಿರಲಿಲ್ಲ, ಅದರಲ್ಲೊಂದು ರಸ್ತೆ ಅಪಘಾತ. ಲಸಿಕೆಗೂ ಈ ಸಾವುಗಳಿಗೂ ಸಂಬಂಧ ಕಾಣಲಿಲ್ಲ. ಉಳಿದವರಲ್ಲಿ ಕಂಡಿದ್ದು ಸಕ್ಕರೆ ಕಾಯಿಲೆ, ಬಿಪಿ, ತಂಬಾಕು, ಕುಡಿತ, ಬೊಜ್ಜು, ಮನೆತನದಲ್ಲಿ ಹೃದಯ ರೋಗ, ಇಂಥವು. ಒಬ್ಬರಲ್ಲಿ ಎರಡು, ಇನ್ನೊಬ್ಬರಲ್ಲಿ ಮೂರು.

ಆ ವರದಿ ಬಂದ ದಿನ ನಮ್ಮ ಕಟ್ಟೆಯಲ್ಲಿ ಯಾರಿಗೂ ಸಮಾಧಾನ ಆಗಲಿಲ್ಲ. "ಅಂದ್ರ ಏನೂ ಹೇಳಿಲ್ಲ ಬಿಡು" ಅಂದರು. ನನಗೆ ಹಾಗನ್ನಿಸಲಿಲ್ಲ. ಬಹಳ ಹೇಳಿದ್ದಾರೆ, ನಮಗೆ ಕೇಳಿಸಿಕೊಳ್ಳುವ ರೂಢಿ ಇಲ್ಲ ಅನ್ನಿಸಿತು. ಅಲ್ಲಿಂದ ಸಿಕ್ಕದ್ದೆಲ್ಲ ಓದಲು ಶುರುಮಾಡಿದೆ. ಓದುತ್ತ ಓದುತ್ತ ಒಂದು ಹೆಸರು ಪದೇ ಪದೇ ಬಂತು. ಸಿಸ್ಟಮ್ಸ್ ಬಯಾಲಜಿ. ಕನ್ನಡದಲ್ಲಿ ವ್ಯವಸ್ಥಾ ಜೀವಶಾಸ್ತ್ರ ಅನ್ನಬಹುದು.

ಹೆಸರು ದೊಡ್ಡದು, ವಿಷಯ ನಮಗೆ ಗೊತ್ತಿದ್ದದ್ದೇ. ಎರಿ ಹೊಲದಲ್ಲಿ ಹಿಂಗಾರಿ ಜೋಳ ಕೈಕೊಟ್ಟರೆ ರೈತ ಒಂದೇ ಕಾರಣ ಹೇಳುತ್ತಾನೇನು? ಬಿತ್ತುವಾಗ ಹದ ಸರಿ ಇರಲಿಲ್ಲ, ಬೀಜ ಹಳೇದು, ತೆನೆ ಕಟ್ಟುವ ಹೊತ್ತಿಗೆ ಚಳಿ ಬೀಳಲಿಲ್ಲ, ಹುಳ ಬಿತ್ತು, ಹೋದ ವರ್ಷ ಗೊಬ್ಬರ ಹಾಕಿರಲಿಲ್ಲ. ಇವು ಒಂದೊಂದೇ ಬಂದಿದ್ದರೆ ಬೆಳೆ ತಡೆದುಕೊಳ್ಳುತ್ತಿತ್ತು. ಕೂಡಿ ಬಂದವು, ಹೋಯಿತು. ಮಗ್ಗುಲ ಹೊಲದವನಿಗೆ ಅದೇ ಮಳೆ, ಅದೇ ಚಳಿ, ಆದರೂ ನಾಲ್ಕು ಚೀಲ ಹೆಚ್ಚು ಬಂತು. ಬೆಳೆ ವಿಷಯದಲ್ಲಿ ಇಷ್ಟು ಶಾಣ್ಯಾ ಇರುವ ನಾವು ಎದೆಯ ವಿಷಯ ಬಂದರೆ ಒಂದೇ ಕಾರಣ ಹುಡುಕುತ್ತೇವೆ.

ಇದಕ್ಕೂ ಒಂದು ಇತಿಹಾಸ ಇದೆ. ಕಾಲರಾಕ್ಕೆ ಒಂದು ರೋಗಾಣು, ಸಿಡುಬಿಗೆ ಒಂದು ವೈರಾಣು. ಅದನ್ನು ಹಿಡಿದರೆ ರೋಗ ಹಿಡಿದಂತೆ. ನಮ್ಮಜ್ಜಂದಿರ ಕಾಲದ ವೈದ್ಯ ವಿಜ್ಞಾನ ಗೆದ್ದದ್ದೇ ಹೀಗೆ. ಹೃದಯ ರೋಗಕ್ಕೂ ಅದೇ ದಾರಿಯಲ್ಲಿ ಹೋದರು, ಸಾಕಷ್ಟು ದೂರ ಹೋಗಿಯೂ ಬಂದರು. ಕೊಲೆಸ್ಟ್ರಾಲ್ ಒಂದನ್ನೇ ಬೆನ್ನುಹತ್ತಿದ ಬ್ರೌನ್ ಮತ್ತು ಗೋಲ್ಡ್‌ಸ್ಟೀನ್ ಅವರಿಗೆ 1985ರಲ್ಲಿ ನೊಬೆಲ್ ಬಂತು. ಜಪಾನಿನ ಅಕಿರಾ ಎಂಡೊ ಬೂಷ್ಟಿನಲ್ಲಿ ಕಂಡುಹಿಡಿದ ವಸ್ತುವಿನಿಂದ ಸ್ಟ್ಯಾಟಿನ್ ಮಾತ್ರೆಗಳ ದಾರಿ ತೆರೆಯಿತು. ಬಿಡಿಬಿಡಿಯಾಗಿ ನೋಡುವ ವಿಜ್ಞಾನವನ್ನು ಹೀಗಳೆಯುವವರು ಇದನ್ನು ಮರೆಯಬಾರದು.

ಆದರೆ 2006ರಲ್ಲಿ ಒಂದು ಪೆಟ್ಟು ಬಿತ್ತು. ರಕ್ತದಲ್ಲಿ 'ಕೆಟ್ಟ' ಕೊಲೆಸ್ಟ್ರಾಲ್ ಇರುವಂತೆ 'ಒಳ್ಳೆಯ' ಕೊಲೆಸ್ಟ್ರಾಲ್ ಕೂಡ ಇದೆ. ಒಳ್ಳೆಯದು ಹೆಚ್ಚಿದ್ದವರಿಗೆ ಹೃದಯಾಘಾತ ಕಡಿಮೆ ಅಂತ ಗೊತ್ತಿತ್ತು. ಹಾಗಾದರೆ ಅದನ್ನು ಹೆಚ್ಚಿಸುವ ಮಾತ್ರೆ ಮಾಡೋಣ ಅಂತ ಫೈಜರ್ ಕಂಪನಿ ಟಾರ್ಸೆಟ್ರಾಪಿಬ್ ಅನ್ನೋ ಔಷಧ ತಂದಿತು. ಸುಮಾರು 15,000 ಜನರ ಮೇಲೆ ಪರೀಕ್ಷೆ ನಡೆಯಿತು. ಒಳ್ಳೆಯ ಕೊಲೆಸ್ಟ್ರಾಲ್ ಶೇ 70ಕ್ಕೂ ಹೆಚ್ಚು ಏರಿತು, ಲೆಕ್ಕ ಸರಿಯಾಗಿಯೇ ಇತ್ತು. ಆದರೆ ಮಾತ್ರೆ ತಗೊಂಡವರಲ್ಲೇ ಹೆಚ್ಚು ಜನ ಸತ್ತರು. ಅದು ಬಿಪಿಯನ್ನೂ ಏರಿಸುತ್ತಿತ್ತು, ಉಪ್ಪು ನೀರಿನ ಲೆಕ್ಕ ನೋಡುವ ಒಂದು ಹಾರ್ಮೋನನ್ನೂ ಕೆದಕುತ್ತಿತ್ತು. ಡಿಸೆಂಬರಿನಲ್ಲಿ ಪರೀಕ್ಷೆ ನಿಲ್ಲಿಸಿದರು. ಇಳಕಲ್ಲಿನ ಮಗ್ಗದ ಮುಂದೆ ಕುಂತವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಸೀರೆಯ ಮೈ ಹಾಸಿಗೆ ಸೆರಗಿನ ಹಾಸನ್ನು ಕೊಂಡಿ ಹಾಕಿ ಜೋಡಿಸುವಾಗ ಒಂದು ಎಳೆ ಜಗ್ಗಿದರೆ ಎಲ್ಲಿ ಸಡಿಲಾಗುತ್ತದೆ, ಎಲ್ಲಿ ಬಿಗಿಯಾಗುತ್ತದೆ ಅನ್ನೋದು ಅವರ ಬೆರಳಿಗೇ ಗೊತ್ತು.

ದೇಹದೊಳಗಿನ ಎಳೆಗಳನ್ನೆಲ್ಲ ಒಟ್ಟಿಗೇ ನೋಡುವ ಪ್ರಯತ್ನವೇ ವ್ಯವಸ್ಥಾ ಜೀವಶಾಸ್ತ್ರ. ನಮ್ಮಲ್ಲಿ ಸುಮಾರು 20,000 ಜೀನ್‌ಗಳಿವೆ. ಅವು ಹೇಳಿದಂತೆ ತಯಾರಾಗುವ ಪ್ರೋಟೀನುಗಳು ಒಂದಕ್ಕೊಂದು ಅಂಟುತ್ತವೆ, ತಡೆಯುತ್ತವೆ, ಹುರಿದುಂಬಿಸುತ್ತವೆ. ಯಾವುದು ಯಾವುದರ ಜೊತೆ ಮಾತಾಡುತ್ತದೆ ಅಂತ ಕಂಪ್ಯೂಟರಿನಲ್ಲಿ ಬಲೆಯಂಥ ನಕ್ಷೆ ಬಿಡಿಸುತ್ತಾರೆ. ಆಮೇಲೆ ಆ ಬಲೆಗೆ ಸಕ್ಕರೆ ಕಾಯಿಲೆ ಬಂದರೆ, ತಂಬಾಕು ಬಿದ್ದರೆ, ಒಂದು ಔಷಧ ಕೊಟ್ಟರೆ ಎಲ್ಲೆಲ್ಲಿ ಅಲುಗಾಡುತ್ತದೆ ಅಂತ ಲೆಕ್ಕ ಹಾಕುತ್ತಾರೆ.

ಈ ಕೆಲಸ ಮೊದಲು ಶುರುವಾದ ಜಾಗಗಳಲ್ಲಿ ಹೃದಯವೂ ಒಂದು ಅಂತ ಓದಿ ಖುಷಿಯಾಯಿತು. ಲಂಡನ್ನಿನಲ್ಲಿ ಪಿಎಚ್‌ಡಿ ಮಾಡುತ್ತಿದ್ದ ಡೆನಿಸ್ ನೋಬಲ್ ಅನ್ನೋ ಹುಡುಗ 1960ರಲ್ಲಿ ಹೃದಯದ ಒಂದು ಜೀವಕೋಶದ ಬಡಿತವನ್ನು ಗಣಿತದಲ್ಲಿ ಬರೆದ. ಆಗ ಅವರ ವಿಶ್ವವಿದ್ಯಾಲಯಕ್ಕಿದ್ದದ್ದು ಕೋಣೆಯಷ್ಟು ದೊಡ್ಡ ಕಂಪ್ಯೂಟರು. ಹಗಲು ದೊಡ್ಡವರಿಗೆ ಬೇಕಾಗುತ್ತಿತ್ತು, ಇವನಿಗೆ ಸಿಗುತ್ತಿದ್ದದ್ದು ನಡುರಾತ್ರಿ ಮೀರಿದ ಮೇಲೆ. ಜೀವಕೋಶದ ಗೋಡೆಯಲ್ಲಿ ಸೋಡಿಯಂ, ಪೊಟ್ಯಾಸಿಯಂ ಹಾದುಹೋಗುವ ಸಣ್ಣ ಬಾಗಿಲುಗಳಿವೆ. ಆ ಬಾಗಿಲು ತೆರೆದರೆ ವಿದ್ಯುತ್ ಬದಲಾಗುತ್ತದೆ, ವಿದ್ಯುತ್ ಬದಲಾದರೆ ಬಾಗಿಲು ಮುಚ್ಚುತ್ತದೆ. ಇಷ್ಟನ್ನು ಲೆಕ್ಕಕ್ಕೆ ಹಾಕಿದರೆ ಕಂಪ್ಯೂಟರಿನಲ್ಲಿ ತಾನೇ ತಾನಾಗಿ ಲಬ್ ಡಬ್ ಬಂತು. ಲೆಕ್ಕದಲ್ಲಿ ವಿದ್ಯುತ್ತಿನ ಮಾತು ಬಾಗಿಲಿಗೆ ಕೇಳಿಸದಂತೆ ಮಾಡಿದರೆ ಬಡಿತ ನಿಂತಿತು.

ಅಂದರೆ ಬಡಿತ ಯಾವ ಒಂದು ಬಿಡಿಭಾಗದಲ್ಲೂ ಇಲ್ಲ. ನಮ್ಮ ಕಡೆ ಜಾತ್ರೆಯಲ್ಲಿ ಕರಡಿ ಮಜಲು ಬಾರಿಸುವವರನ್ನು ನೋಡಿದವರಿಗೆ ಇದು ಗೊತ್ತಾಗುತ್ತದೆ. ಗತ್ತು ಕರಡಿಯಲ್ಲೂ ಇಲ್ಲ, ತಾಳದಲ್ಲೂ ಇಲ್ಲ, ಸನಾದಿಯಲ್ಲೂ ಇಲ್ಲ. ಒಬ್ಬರಿಗೊಬ್ಬರು ಕಿವಿ ಕೊಟ್ಟಿದ್ದರಿಂದ ಹುಟ್ಟುತ್ತದೆ. ಆ ಹುಡುಗನ ಲೆಕ್ಕ ಬೆಳೆಯುತ್ತ ಬೆಳೆಯುತ್ತ ಈಗ ಹೊಸ ಔಷಧವೊಂದು ಹೃದಯದ ಲಯ ಕೆಡಿಸುತ್ತದೋ ಇಲ್ಲವೋ ಅಂತ ಮನುಷ್ಯರಿಗೆ ಕೊಡುವ ಮೊದಲೇ ಕಂಪ್ಯೂಟರಿನಲ್ಲಿ ನೋಡುವಷ್ಟು ಮುಂದೆ ಬಂದಿದೆ.

ಇಲ್ಲಿ ಒಂದು ಮಾತು. ಊರಲ್ಲಿ ಎಲ್ಲದಕ್ಕೂ 'ಅಟ್ಯಾಕ್' ಅನ್ನುತ್ತೇವೆ. ಹೃದಯಾಘಾತ ಅಂದರೆ ಹೃದಯಕ್ಕೇ ರಕ್ತ ಕೊಡುವ ನಾಳ ಕಟ್ಟಿಕೊಳ್ಳುವುದು. ಹೃದಯಸ್ತಂಭನ ಅಂದರೆ ಲಯ ತಪ್ಪಿ ಬಡಿತವೇ ನಿಲ್ಲುವುದು. ಮೊದಲನೆಯದರಿಂದ ಎರಡನೆಯದು ಆಗಬಹುದು, ಬೇರೆ ಕಾರಣದಿಂದಲೂ ಆಗಬಹುದು. ಮೂರನೆಯದು ಹೃದಯದ ಸ್ನಾಯುವೇ ದಪ್ಪಗಾಗುವ ಅಥವಾ ಸೋಲುವ ರೋಗ.

ಆ ಮೂರನೆಯದಕ್ಕೆ ನಮ್ಮ ದೇಶದ್ದೇ ಒಂದು ಕಥೆ ಇದೆ. ಹೈದರಾಬಾದಿನ ಸಿಸಿಎಂಬಿ ಸಂಸ್ಥೆಯ ಕುಮಾರಸಾಮಿ ತಂಗರಾಜ್ ಮತ್ತು ಅವರ ಜೊತೆಗಾರರು 2009ರಲ್ಲಿ ಒಂದು ವಿಷಯ ಪ್ರಕಟಿಸಿದರು. ಹೃದಯದ ಸ್ನಾಯು ಕಟ್ಟುವ ಒಂದು ಜೀನಿನಲ್ಲಿ 25 ಅಕ್ಷರ ಬಿಟ್ಟುಹೋಗಿರುವುದು ಭಾರತೀಯರಲ್ಲಿ ಸುಮಾರು ಶೇ 4ರಷ್ಟು ಜನರಲ್ಲಿ ಕಾಣುತ್ತದೆ. ಮದುವೆ ಪಂಗ್ತಿಯಲ್ಲಿ ನೂರು ಮಂದಿ ಕುಂತರೆ ಸರಾಸರಿ ನಾಲ್ವರು. ಹಾಗೆ ಬಿಟ್ಟುಹೋದವರಿಗೆ ಮುಂದೆ ಹೃದಯ ಸೋಲುವ ಅಪಾಯ ಸುಮಾರು ಏಳು ಪಟ್ಟು. ಇದನ್ನು ಓದಿದಾಗ 'ಸಿಕ್ಕಿತು ನೋಡು ಕಾರಣ' ಅನ್ನಿಸಿತು. ಆದರೆ ಹಾಗೂ ಅಲ್ಲ. ಅದನ್ನು ಹೊತ್ತವರಲ್ಲಿ ಎಷ್ಟೋ ಜನ ನಡುವಯಸ್ಸಿನವರೆಗೆ ಆರಾಮ ಇರುತ್ತಾರೆ, ಕೆಲವರಿಗೆ ಏನೂ ಆಗುವುದಿಲ್ಲ. ಅದರ ಜೊತೆ ಇನ್ನೇನು ಇದೆ ಅನ್ನೋದರ ಮೇಲೆ ನಿಂತಿದೆ.

ನನ್ನನ್ನು ಬಹಳ ದಿನ ಕಾಡಿದ್ದು ಮಾತ್ರ ಮೈಸೂರಿನ ಲೆಕ್ಕ.

ಮೈಸೂರಿನಲ್ಲಿ ಹೋಲ್ಡ್ಸ್‌ವರ್ತ್ ಮೆಮೋರಿಯಲ್ ಆಸ್ಪತ್ರೆ ಇದೆ, ಜನ ಮಿಷನ್ ಆಸ್ಪತ್ರೆ ಅನ್ನುತ್ತಾರೆ. ಅಲ್ಲಿ 1934ರಿಂದ ಹುಟ್ಟಿದ ಕೂಸುಗಳ ತೂಕ, ಉದ್ದ, ತಲೆಯ ಸುತ್ತಳತೆ ಬರೆದಿಟ್ಟ ದಾಖಲೆ ಉಳಿದಿತ್ತು. ಬರೆದ ದಾದಿಯರಿಗೆ ಅದು ಅರವತ್ತು ವರ್ಷದ ಮೇಲೆ ಜಗತ್ತಿಗೆ ಬೇಕಾಗುತ್ತದೆ ಅಂತ ಗೊತ್ತಿರಲಿಕ್ಕಿಲ್ಲ. 1990ರ ದಶಕದಲ್ಲಿ ಇಂಗ್ಲೆಂಡಿನ ಸೌತಾಂಪ್ಟನ್ನಿನ ಕ್ಯಾರೊಲಿನ್ ಫಾಲ್ ಮತ್ತು ಮೈಸೂರಿನ ಸಂಶೋಧಕರು ಆ ಕೂಸುಗಳನ್ನು ಹುಡುಕಿಕೊಂಡು ಹೊರಟರು. ಕೂಸುಗಳಿಗೆ ಆಗ ನಲವತ್ತು, ಐವತ್ತು, ಅರವತ್ತು ವರ್ಷ. 1934ರಿಂದ 1954ರ ನಡುವೆ ಹುಟ್ಟಿದ 517 ಜನ ಸಿಕ್ಕರು. ಅವರ ಹೃದಯ ಪರೀಕ್ಷೆ ಮಾಡಿದರು. 1996ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂತು.

ಹುಟ್ಟಿದಾಗ ಎರಡೂವರೆ ಕೆಜಿ ಅಥವಾ ಅದಕ್ಕಿಂತ ಕಡಿಮೆ ತೂಕ ಇದ್ದವರಲ್ಲಿ ಶೇ 11ರಷ್ಟು ಜನರಿಗೆ ಹೃದಯ ರೋಗ. ಮೂರು ಕೆಜಿ ಮೇಲ್ಪಟ್ಟು ಚೆನ್ನಾಗಿ ತುಂಬಿಕೊಂಡು ಹುಟ್ಟಿದವರಲ್ಲಿ ಶೇ 3. ಕೂಸೂ ಸಣ್ಣದು, ಬಸುರಿದ್ದಾಗ ತಾಯಿಯೂ 45 ಕೆಜಿಗಿಂತ ಕಡಿಮೆ ಅನ್ನುವ ಗುಂಪಿನಲ್ಲಿ ಶೇ 20. ಹೊಟ್ಟೆಯೊಳಗಿನ ಕೂಸಿಗೆ ಊಟ ಕಡಿಮೆಯಾದರೆ ದೇಹ ಮೊದಲು ಮಿದುಳನ್ನು ಉಳಿಸಿಕೊಳ್ಳುತ್ತದೆ, ಬೇರೆ ಅಂಗಗಳಿಗೆ ಕೈ ಬಿಗಿ ಹಿಡಿಯುತ್ತದೆ, ಆ ಕೊರತೆ ನಲವತ್ತು ಐವತ್ತು ವರ್ಷದ ಮೇಲೆ ಎದ್ದುಬರುತ್ತದೆ ಅನ್ನೋದು ಇದರ ಹಿಂದಿನ ವಿಚಾರ. ಅದೇ ಆಸ್ಪತ್ರೆಯಲ್ಲಿ 1997ರಿಂದ ಬಸುರಿಯರನ್ನೂ ಅವರಿಗೆ ಹುಟ್ಟಿದ ಮಕ್ಕಳನ್ನೂ ವರ್ಷಗಟ್ಟಲೆ ನೋಡುತ್ತ ಬಂದಿದ್ದಾರೆ.

ನಮ್ಮಪ್ಪ ಹುಟ್ಟಿದ್ದು 1966ರ ಬರದಲ್ಲಿ. 'ಬರದಾಗ ಹುಟ್ಟಿದ ಕೂಸು, ಅಂಗೈಯಷ್ಟಿತ್ತು' ಅಂತ ನಮ್ಮ ಆಯಿ ಹೇಳುತ್ತಿದ್ದಳು. ಅಪ್ಪ ಹೋಗಿದ್ದು 2014ರಲ್ಲಿ, 48 ವರ್ಷಕ್ಕೆ. ರಾತ್ರಿ ಎದೆ ಹಿಡಿದಂಗಾಗಿ, ಗ್ಯಾಸ್ ಅಂತ ಸೋಡಾ ಕುಡಿದು, ಓಮಿನ ಕಾಳು ಅಗಿದು ಮಲಗಿದ. ಬೆಳಗಿನ ಬಸ್ಸಿಗೆ ಬಾಗಲಕೋಟೆಗೆ ಹೋಗೋಣ ಅಂದಿದ್ದ. ದಿನಕರ್ಮಕ್ಕೆ ಬಂದ ಬೀಗರು, ಅಣ್ಣತಮ್ಮಂದಿರು ಕಾರಣ ಹುಡುಕಿದರು. ಸಿಕ್ಕಿತು. ಅವ್ವ ಅಡಿಗೆಗೆ ಉಪ್ಪು, ಎಣ್ಣೆ ಕೈಬಿಟ್ಟು ಹಾಕುತ್ತಿದ್ದಳಂತೆ. ಹನ್ನೊಂದು ವರ್ಷವಾಯಿತು, ಈಗಲೂ ಮದುವೆ ಮುಂಜಿಯಲ್ಲಿ ಯಾರಾದರೂ ಅವಳು ಮಾಡಿದ ಸಾರಿಗೆ ಉಪ್ಪು ಜಾಸ್ತಿ ಅಂದರೆ ಅವ್ವ ಎದ್ದು ಹಿತ್ತಲಿಗೆ ಹೋಗುತ್ತಾಳೆ.

ಅಪ್ಪನ ಲೆಕ್ಕ ನಾನು ಈಗ ಹಾಕಿದರೆ ಹೀಗೆ ಬರುತ್ತದೆ. ಇಪ್ಪತ್ತು ವರ್ಷ ತಂಬಾಕು ಜಗಿದ. ಬಿಪಿ, ಶುಗರ್ ಒಮ್ಮೆಯೂ ನೋಡಿಸಲಿಲ್ಲ. ಅವನ ಅಪ್ಪನೂ ಐವತ್ತೈದರಲ್ಲಿ ಹಾಗೇ ಹೋಗಿದ್ದ. ಕೊರೆಸಿದ ಎರಡು ಬೋರು ಫೇಲಾಗಿ ಸಾಲ ಇತ್ತು, ನಿದ್ದೆ ಇರಲಿಲ್ಲ. ಬರದ ಕೂಸು. ಉಪ್ಪೂ ಇತ್ತು ಅನ್ನಿ. ರಕ್ತನಾಳದ ಒಳಗೋಡೆ ತಂಬಾಕಿನಿಂದ, ಬಿಪಿಯಿಂದ ತರಚುತ್ತದೆ. ತರಚಿದಲ್ಲಿ ಕೆಟ್ಟ ಕೊಬ್ಬು ನುಗ್ಗುತ್ತದೆ. ಅದನ್ನು ತಿನ್ನಲು ಬಂದ ಬಿಳಿ ರಕ್ತಕಣ ತಿಂದು ತಿಂದು ಅಲ್ಲೇ ಉಬ್ಬಿ ಸಾಯುತ್ತದೆ. ಗೋಡೆಯೊಳಗೆ ಕುರುವಿನಂತೆ ಉರಿಯೂತ. ಸಕ್ಕರೆ ಹೆಚ್ಚಿದ್ದರೆ ಅದಕ್ಕೆ ತುಪ್ಪ ಸುರಿದಂತೆ. ಒಂದು ರಾತ್ರಿ ಆ ಕುರು ಒಡೆಯುತ್ತದೆ, ರಕ್ತ ಅಲ್ಲಿ ಹೆಪ್ಪುಗಟ್ಟುತ್ತದೆ. ಇದರಲ್ಲಿ ಯಾವ ಎಳೆ ಅಪ್ಪನನ್ನು ಕೊಂದಿತು ಅಂತ ಕೇಳುವುದೇ ಸರಿಯಾದ ಪ್ರಶ್ನೆಯಲ್ಲ ಅಂತ ನನಗೆ ಅರ್ಥವಾಗುವಷ್ಟರಲ್ಲಿ ಅವ್ವನಿಗೆ ಅರವತ್ತರ ಹತ್ತಿರ ಬಂತು.

ಮೈಸೂರಿನ ಲೆಕ್ಕವನ್ನು ಅವ್ವನಿಗೆ ಓದಿ ಹೇಳಿದೆ. ಅವಳ ತಲೆ ಮೇಲಿನ ಭಾರ ಇಳಿಯಲಿ ಅಂತ. ರೊಟ್ಟಿ ಬಡಿಯುತ್ತ ಕೇಳಿದಳು. ಕೇಳಿ, "ನನ್ನ ಮ್ಯಾಲ ಹಾಕಿದ್ದು ಸಾಲಲಿಲ್ಲಂತ ಈಗ ಸತ್ತ ನಮ್ಮತ್ತಿ ಮ್ಯಾಲ ಹಾಕಾಕ ಹೊಂಟಿ ಏನ?" ಅಂದಳು.

ನನಗೆ ಉತ್ತರ ತಕ್ಷಣ ಬರಲಿಲ್ಲ. ಹಾಗಲ್ಲವ್ವಾ, ಆಯಿಗೆ ಆ ವರ್ಷ ಉಣ್ಣಾಕ ಇರಲಿಲ್ಲ, ಅದು ಆಕೆ ತಪ್ಪಲ್ಲ ಅಂದೆ. "ಹಂಗಾರ ಮಳಿ ಮ್ಯಾಲ ಹಾಕ್ತಿ" ಅಂದು ರೊಟ್ಟಿ ತಿರುವಿ ಹಾಕಿದಳು. ವಿಜ್ಞಾನಿಗಳಿಗೂ ಈ ಪ್ರಶ್ನೆ ಕೇಳಬೇಕು ಅನ್ನಿಸುತ್ತದೆ. 517 ಜನರ ಸರಾಸರಿಯನ್ನು ಒಬ್ಬ ಮನುಷ್ಯನ ಹಣೆಗೆ ಹಚ್ಚಲು ಬರುವುದಿಲ್ಲ. ಬರದಲ್ಲಿ ಹುಟ್ಟಿ ಎಂಬತ್ತು ದಾಟಿದವರೂ ನಮ್ಮೂರಲ್ಲಿ ಇದ್ದಾರೆ.

ಹಾಗಂತ 'ಎಲ್ಲ ಗೋಜಲು, ನಮ್ಮ ಕೈಯಾಗ ಏನದ' ಅಂತ ಕೈ ತೊಳೆದುಕೊಳ್ಳುವ ಹಾಗಿಲ್ಲ. 2004ರಲ್ಲಿ ಇಂಟರ್‌ಹಾರ್ಟ್ ಅನ್ನೋ ಅಧ್ಯಯನ ಬಂತು. 52 ದೇಶ, ಹೃದಯಾಘಾತ ಆದವರು ಸುಮಾರು 15,000, ಆಗದವರು ಹೆಚ್ಚೂಕಡಿಮೆ ಅಷ್ಟೇ. ಇದನ್ನು ಮುನ್ನಡೆಸಿದ ಸಲೀಂ ಯೂಸುಫ್ ಬೆಂಗಳೂರಿನ ಸೇಂಟ್ ಜಾನ್ಸ್ ಕಾಲೇಜಿನಲ್ಲಿ ಡಾಕ್ಟರಿಕೆ ಕಲಿತವರು. ತಂಬಾಕು, ಕೊಬ್ಬು, ಬಿಪಿ, ಸಕ್ಕರೆ, ಹೊಟ್ಟೆ ಬೊಜ್ಜು, ಮನಸ್ಸಿನ ಒತ್ತಡ, ಹಣ್ಣು ತರಕಾರಿ ತಿನ್ನದಿರುವುದು, ಮೈ ಬಗ್ಗಿಸದಿರುವುದು, ಕುಡಿತದ ಲೆಕ್ಕ, ಈ ಒಂಬತ್ತೇ ಸೇರಿ ಮೊದಲ ಹೃದಯಾಘಾತದ ಅಪಾಯದಲ್ಲಿ ಶೇ 90ರಷ್ಟನ್ನು ವಿವರಿಸುತ್ತವೆ ಅಂತ ಅದು ತೋರಿಸಿತು. ನಮ್ಮ ದಕ್ಷಿಣ ಏಷ್ಯಾದವರಿಗೆ ಮೊದಲ ಹೃದಯಾಘಾತ ಸುಮಾರು 53ಕ್ಕೆ, ಉಳಿದವರಿಗೆ ಸುಮಾರು 59ಕ್ಕೆ. ತಂಬಾಕನ್ನು ಸೇದದೆ ಬರೇ ಜಗಿಯುವವರಿಗೂ ಅಪಾಯ ಎರಡು ಪಟ್ಟು. ಕಟ್ಟೆಯ ಹಿರಿಯರು 'ಬೀಡಿ ಸೇದಾಂವಲ್ಲ' ಅಂದಾಗ ಸತ್ತವನ ಕಿಸೆಯಲ್ಲಿ ಗುಟ್ಕಾ ಚೀಟಿ ಇತ್ತೋ ಇಲ್ಲವೋ ಅಂತ ನಾನು ಈಗ ಕೇಳುತ್ತೇನೆ.

ದೊಡ್ಡ ನಕ್ಷೆ ಬಿಡಿಸುವ ಕೆಲಸ ನಮ್ಮ ರಾಜ್ಯದಲ್ಲೂ ನಡೆದಿದೆ. 2014ರಲ್ಲಿ ಮನುಷ್ಯನ ಪ್ರೋಟೀನುಗಳ ಮೊದಲ ಕರಡು ನಕ್ಷೆಯೊಂದು ಬಂದಾಗ ಅದರಲ್ಲಿ ಬೆಂಗಳೂರಿನ ಇನ್‌ಸ್ಟಿಟ್ಯೂಟ್ ಆಫ್ ಬಯೋಇನ್‌ಫರ್ಮ್ಯಾಟಿಕ್ಸ್‌ನವರ ದೊಡ್ಡ ಪಾಲಿತ್ತು. 17,294 ಜೀನ್‌ಗಳ ಪ್ರೋಟೀನು ಗುರುತಿಸಿದರು. ಬೆಳೆದವರ ಹೃದಯದ ಜೊತೆ ಹುಟ್ಟದ ಕೂಸಿನ ಹೃದಯವನ್ನೂ ನೋಡಿದ್ದರು. ಜಯದೇವ ಸಂಸ್ಥೆ ಎಳೆಯ ವಯಸ್ಸಿನಲ್ಲೇ ಹೃದಯಾಘಾತ ಆದವರ ಪ್ರತ್ಯೇಕ ದಾಖಲೆ ಇಡುತ್ತಿದೆ. 2020ರಲ್ಲಿ ಒಪ್ಪಿಗೆ ಸಿಕ್ಕ ಜೀನೋಮ್ ಇಂಡಿಯಾ ಯೋಜನೆಯನ್ನು ಬೆಂಗಳೂರಿನ ಐಐಎಸ್‌ಸಿ ಆವರಣದ ಸೆಂಟರ್ ಫಾರ್ ಬ್ರೇನ್ ರಿಸರ್ಚ್ ಮುಂದೆ ನಿಂತು ನಡೆಸಿತು. ದೇಶದ 80ಕ್ಕೂ ಹೆಚ್ಚು ಸಮುದಾಯಗಳ 10,000 ಜನರ ಪೂರ್ತಿ ಜೀನೋಮ್ ಓದಿ, 2025ರ ಜನವರಿಯಲ್ಲಿ ಆ ಮಾಹಿತಿಯನ್ನು ಸಂಶೋಧಕರಿಗೆ ತೆರೆದರು. ಇದು ಸಣ್ಣ ಮಾತಲ್ಲ. ಇಲ್ಲಿಯವರೆಗೆ ಹೃದಯ ರೋಗದ ಜೀನ್ ಪಟ್ಟಿಗಳು ಬಹುಪಾಲು ಯುರೋಪಿನ ಮೂಲದವರ ರಕ್ತದಿಂದ ಬಂದವು. ಅವರ ಅಳತೆಯ ಅಂಗಿ ನಮಗೆ ಕೂಡುತ್ತದೆ ಅನ್ನೋ ಖಾತ್ರಿ ಇಲ್ಲ.

ಆದರೂ ನನಗೊಂದು ಅಸಮಾಧಾನ. ಜೀನು ಓದುವ ಯಂತ್ರಕ್ಕೆ ಬರದ ವರ್ಷ ಕಾಣುವುದಿಲ್ಲ, ಫೇಲಾದ ಬೋರು ಕಾಣುವುದಿಲ್ಲ. ಮೈಸೂರಿನ ದಾದಿಯರು ಬರೆದಂಥ ದಾಖಲೆ ಅದರ ಪಕ್ಕದಲ್ಲಿ ಇದ್ದಾಗಲೇ ಬಲೆ ಪೂರ್ತಿಯಾಗುವುದು. ನಮ್ಮಲ್ಲಿ ಈಗ ಪ್ರತಿ ಬಸುರಿಗೂ ತಾಯಿ ಕಾರ್ಡ್ ಇದೆ. ಅದರಲ್ಲಿ ತಾಯಿಯ ತೂಕ, ರಕ್ತ, ಕೂಸಿನ ತೂಕ ಎಲ್ಲ ಬರೆಯುತ್ತಾರೆ. ಕೂಸಿಗೆ ಲಸಿಕೆ ಮುಗಿದ ಮೇಲೆ ಆ ಕಾರ್ಡು ಎಲ್ಲಿ ಹೋಗುತ್ತದೆ? ಎಷ್ಟೋ ಮನೆಗಳಲ್ಲಿ ಒಲೆ ಹೊತ್ತಿಸಲು ಹೋಗಿದ್ದನ್ನು ಕಂಡಿದ್ದೇನೆ. ನಿಮ್ಮ ಮನೆಯಲ್ಲಿ ಇದ್ದರೆ ರೇಷನ್ ಕಾರ್ಡಿನ ಜೊತೆ ಎತ್ತಿಡಿ. ಫೋನಿನಲ್ಲಿ ಒಂದು ಫೋಟೋ ಹೊಡೆದಿಡಿ.

ನನ್ನ ಲೆಕ್ಕವನ್ನೂ ತೆಗೆಸಿದೆ. ಶುಗರ್ ಗಡಿಯ ಮೇಲೆ ಕುಂತಿದೆ. ಬಿಪಿ 146/94 ಬಂತು, ವಾರ ಬಿಟ್ಟು ಮತ್ತೆ ನೋಡಿಸಿದಾಗಲೂ ಅಷ್ಟೇ ಇತ್ತು. ಮಾತ್ರೆ ಶುರುವಾಗಿದೆ, ಉಪಕೇಂದ್ರದಲ್ಲೇ ಸಿಗುತ್ತದೆ, ದುಡ್ಡಿಲ್ಲ. ಅಣ್ಣನನ್ನೂ ಕರೆದುಕೊಂಡು ಹೋಗಬೇಕು. "ನನಗೇನಾಗೇತಿ" ಅಂತ ಎರಡು ವಾರದಿಂದ ತಳ್ಳುತ್ತಿದ್ದಾನೆ.

ಇನ್ನು ರಾತ್ರಿ ಎದೆ ಹಿಡಿದಂಗಾದರೆ, ನೋವು ಎಡಗೈಗೋ ದವಡೆಗೋ ಬೆನ್ನಿಗೋ ಹರಿದರೆ, ಮೈ ಬೆವರಿದರೆ, ಬೆಳಗಿನ ಬಸ್ಸು ಕಾಯಬೇಡಿ. 108ಕ್ಕೆ ಫೋನ್ ಮಾಡಿ. ಡಾ. ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಯಲ್ಲಿ ತಾಲೂಕು ಆಸ್ಪತ್ರೆಗಳಲ್ಲಿ ಇಸಿಜಿ ತೆಗೆದು ದೊಡ್ಡ ಆಸ್ಪತ್ರೆಯ ತಜ್ಞರಿಗೆ ಕಳಿಸಿ ನೋಡಿಸುತ್ತಾರೆ. ನಾಳ ಕಟ್ಟಿದ್ದು ಖಾತ್ರಿಯಾದರೆ ಹೆಪ್ಪು ಕರಗಿಸುವ ಟೆನೆಕ್ಟೆಪ್ಲೇಸ್ ಇಂಜೆಕ್ಷನ್ ಅಲ್ಲೇ ಪುಕ್ಕಟೆ ಕೊಡುತ್ತಾರೆ. ಹೊರಗೆ ಅದಕ್ಕೆ ಸಾವಿರಗಟ್ಟಲೆ ರೂಪಾಯಿ. ಮೊದಲ ಒಂದು ತಾಸಿನಲ್ಲಿ ಸಿಕ್ಕರೆ ಅದರ ಕೆಲಸ ಹೆಚ್ಚು. ನಿಮ್ಮ ತಾಲೂಕು ಆಸ್ಪತ್ರೆಗೆ ಹೋದಾಗ ಆ ಇಂಜೆಕ್ಷನ್ ಸ್ಟಾಕ್ ಇದೆಯೇನ್ರೀ ಅಂತ ಒಮ್ಮೆ ಕೇಳಿ ಬನ್ನಿ. ಇಲ್ಲ ಅಂದರೆ ನನಗೆ ತಿಳಿಸಿ, ಅದು ಸುದ್ದಿ.